ಹಿಮವಿಲ್ಲದ ಕಣಿವೆಗೆ ಹೆಡ್‌ಮಾಸ್ಟರರ ಹತ್ತಿ

ನಮ್ಮ ದೇಶದವರು ಅಂಟಾರ್ಕ್ಟಿಕಕ್ಕೆ ಹೋಗಿ ಬಂದ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ್ದ ಎಂಬತ್ತರ ದಶಕದ ಆರಂಭ. ನಾನಾಗ ಕಾಪುವಿನ ಶಾಲೆಯಲ್ಲಿ ಒಂಬತ್ತನೇ ತರಗತಿ. ವಿಜ್ಞಾನ ಪ್ರದರ್ಶನಕ್ಕೆ ಇಡೀ ತರಗತಿ ಜ್ವಾಲಾಮುಖಿ ಮಾಡಲು ಹೊರಟಾಗ ನಾನು ಅಂಟಾರ್ಕ್ಟಿಕದ ಒಣ ಕಣಿವೆಯನ್ನು ಹಿಡಿದುಕೊಂಡೆ. ಸುತ್ತಲೂ ಹಿಮ, ನಡುವೆ ಮಾತ್ರ ಬರೀ ಕಲ್ಲು ಮಣ್ಣು. ಗೆದ್ದ ಮಾದರಿಯನ್ನು ಮಣಿಪಾಲದ ದೊಡ್ಡ ಪ್ರದರ್ಶನಕ್ಕೆ ಕಳಿಸುತ್ತೇವೆ ಎಂದಿದ್ದರು. ನನಗೆ ಹೋಗಲೇಬೇಕಿತ್ತು.

ಹಲಗೆಯ ಮೇಲೆ ಮುರಕಲ್ಲಿನ ಚೂರುಗಳಿಂದ ಬೆಟ್ಟ ನಿಲ್ಲಿಸಿದೆ. ಬೆಟ್ಟದಾಚೆ ಹಿಮವೆಂದು ಬೂರುಗದ ಹತ್ತಿ. ಕಣಿವೆಗೆ ಕಡಲತೀರದ ಹೊಯಿಗೆ ಅಂಟಿಸಿ, ನಡುವೆ ಒಡೆದ ಕನ್ನಡಿಯ ತುಂಡೊಂದನ್ನು ಇಟ್ಟೆ. ಅದು ಎಂಥ ಚಳಿಗೂ ಹೆಪ್ಪುಗಟ್ಟದ ಉಪ್ಪುನೀರಿನ ಕೆರೆ. ನೋಡಿದ ಅತ್ತೆ, "ಮಳೆಯೇ ಬಾರದ ಜಾಗ ಉಂಟಾ ಮಾರಾಯ್ತಿ! ಹಪ್ಪಳ ಒಣಗಿಸಲಿಕ್ಕೆ ಎಷ್ಟು ಒಳ್ಳೆಯದು!" ಎಂದರು. ಮಿಕ್ಕವರೆಲ್ಲ ಕೇಳಿದ್ದು ಒಂದೇ: "ನಡುವಿನದ್ದು ಯಾವಾಗ ಮುಗಿಸುವುದು?" ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಪ್ರದರ್ಶನದ ಬೆಳಿಗ್ಗೆ ಬಂದು ನೋಡುತ್ತೇನೆ, ನನ್ನ ಕಣಿವೆಯೇ ಇಲ್ಲ! ಅಂಚಿನಿಂದ ಅಂಚಿಗೆ ಬೆಳ್ಳಗೆ ಹತ್ತಿ. ಪಕ್ಕದಲ್ಲಿ ಹೆಡ್‌ಮಾಸ್ಟರರು ಹೆಮ್ಮೆಯಿಂದ ನಿಂತಿದ್ದರು.

"ಪಾಪ, ನಿನಗೆ ಹತ್ತಿ ಸಾಲಲಿಲ್ಲ ಅಲ್ವಾ? ನನ್ನ ತಲೆದಿಂಬು ಬಿಚ್ಚಿ ತಂದೆ."

ಅಳು ಬಂತು, ಮೈಯೆಲ್ಲ ಉರಿಯಿತು. ತಲೆದಿಂಬನ್ನೇ ಕೊಟ್ಟವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಅಷ್ಟರಲ್ಲಿ ಉಡುಪಿಯಿಂದ ಬಂದ ತೀರ್ಪುಗಾರರು ಎದುರಿಗೆ ನಿಂತರು.

"ಎಂತಮ್ಮ, ಹಿಮವಿಲ್ಲದ ಕಣಿವೆ ಎಂದು ಬರೆದಿದ್ದೀಯಲ್ಲ, ಎಲ್ಲಿ ಉಂಟು ಅದು?"

"ಇಲ್ಲೇ ಉಂಟು ಸಾರ್. ಆಚೆಯ ಹಿಮ ಇಳಿದು ಬಾರದ ಹಾಗೆ ಬೆಟ್ಟಗಳು ತಡೆಯುತ್ತವೆ. ಚೂರುಪಾರು ಬಿದ್ದರೂ ಮೇಲಿನಿಂದ ಬೀಸುವ ಒಣಗಾಳಿ ಅದನ್ನು ಉಳಿಸುವುದಿಲ್ಲ," ಎಂದವಳೇ ಬಗ್ಗಿ, ಇದ್ದ ಸಿಟ್ಟನ್ನೆಲ್ಲ ಸೇರಿಸಿ ಊದಿದೆ.

ಹತ್ತಿ ಎದ್ದು ತೀರ್ಪುಗಾರರ ಕನ್ನಡಕದ ಮೇಲೆ, ಹೆಡ್‌ಮಾಸ್ಟರರ ಮೀಸೆಯ ಮೇಲೆ ಕುಳಿತಿತು. ಅಡಿಯಲ್ಲಿ ನನ್ನ ಹೊಯಿಗೆ, ನನ್ನ ಕೆರೆ ಮತ್ತೆ ಕಾಣಿಸಿದವು. ನನಗಾದ ಖುಷಿ ಅಷ್ಟಿಷ್ಟಲ್ಲ.

ತೀರ್ಪುಗಾರರು ಕನ್ನಡಕ ಒರೆಸಿಕೊಳ್ಳುತ್ತ ಜೋರಾಗಿ ನಕ್ಕು, "ಇದು ಮಣಿಪಾಲಕ್ಕೆ ಹೋಗಲಿ," ಎಂದರು.

ಹೆಡ್‌ಮಾಸ್ಟರರ ಮುಖ ನೋಡಲು ನನಗೆ ಹೆದರಿಕೆ. ಅವರು ಮೀಸೆಯಿಂದ ಹತ್ತಿಯ ಎಳೆಗಳನ್ನು ಮೆಲ್ಲಗೆ ಬಿಡಿಸಿಕೊಂಡು ನನ್ನ ಕಡೆ ಬಗ್ಗಿದರು.

"ಮನೆಯಲ್ಲಿ ಇನ್ನೊಂದು ದಿಂಬು ಉಂಟು. ಅಲ್ಲಿಯೂ ಹಾಕುವುದು ನಾನು, ಊದುವುದು ನೀನು. ಆಯಿತಾ?"