ಬೂಟು ಬಿಚ್ಚುವ ಬಟನ್

ಆರು ವರ್ಷದ ಮಗುವಿಗೆ ಒಂದು ವಿಡಿಯೋ ಗೇಮ್ ಆರಿಸಲು ಪಟ್ಟ ಶ್ರಮವನ್ನು ಎಂ.ಎ. ಪರೀಕ್ಷೆಗೆ ಪಟ್ಟಿದ್ದರೆ ನಾನು ಇನ್ನೊಂದು ದರ್ಜೆ ಮೇಲೆ ಬರುತ್ತಿದ್ದೆ. ಬಂದ ದರ್ಜೆ ಯಾವುದೆಂಬುದರಲ್ಲೇ ಈಗೀಗ ನನಗೆ ಸಂಶಯ, ಅದು ಬೇರೆ ಮಾತು.

ಮಗು ಎಂದರೆ ಮೊಮ್ಮಗಳು ಇಂಚರ. ಮಗಳಿಗೆ ಗೌರಿಬಿದನೂರಿನಿಂದ ಚಿಂತಾಮಣಿಗೆ ವರ್ಗವಾಗಿ ಅವರ ಸಂಸಾರ ನಮ್ಮ ಮನೆಗೇ ಬಂತು. ಅಂದಿನಿಂದ ಹುಡುಗಿ ಹೊಸ ಜಾಗ ಎಂದರೆ ನಿಂತಲ್ಲೇ ನಿಂತುಬಿಡುತ್ತಿದ್ದಳು. ಬೀದಿ ಕೊನೆಯ ಅಂಗಡಿಗೂ ಕೈ ಹಿಡಿದುಕೊಂಡೇ ಬರಬೇಕು. ಶಾಲೆಯಲ್ಲಿ ಬೇರೆ ಮಕ್ಕಳು ಬಯಲಿಗೆ ಓಡಿದರೆ ಇವಳು ಗೇಟಿನ ಪಕ್ಕ.

“ಅಪ್ಪಾ, ಸುಮ್ನೆ ಓಡಾಡ್ಕೊಂಡು ನೋಡೋ ಥರದ ಆಟ ಯಾವ್ದಾದ್ರೂ ಹುಡುಕಪ್ಪ” ಎಂದಳು ಮಗಳು. “ಹೊಡೆದಾಟ ಬೇಡ, ಸೋಲೋದೂ ಬೇಡ. ಅವಳ ಭಯ ಸ್ವಲ್ಪ ಬಿಡ್ಲಿ.”

ಪರದೆಯ ಮೇಲೆ ತಿರುಗಾಡಿದರೆ ಧೈರ್ಯ ಬರುತ್ತದೆ ಎಂದು ನಾನು ನಂಬಲಿಲ್ಲ. ಯಾವುದನ್ನೂ ನಂಬದಿರುವುದು ವಿಶ್ವವಿದ್ಯಾನಿಲಯ ನನಗೆ ಕೊಟ್ಟ ಒಂದೇ ಗಟ್ಟಿ ಆಸ್ತಿ. ಆದರೂ ಹುಡುಕಿದೆ. ಒಂದು ಆಟದಲ್ಲಿ ಹೆಜ್ಜೆಹೆಜ್ಜೆಗೂ ನಾಣ್ಯ ಉದುರಿ ಕಾಡು ನೋಡಲು ಬಿಡುವೇ ಇಲ್ಲ. ಇನ್ನೊಂದು ತನ್ನನ್ನು ಪ್ರಶಾಂತ ಎಂದು ಕರೆದುಕೊಂಡು ಮೂಲೆಯಲ್ಲಿ ಗಡಿಯಾರ ಓಡಿಸುತ್ತಿತ್ತು. ಮತ್ತೊಂದರಲ್ಲಿ ದಿನಾ ಬಂದು ಮೇವು ಹಾಕದಿದ್ದರೆ ಕುರಿ ಅಳುತ್ತದೆ. ನಗರಗೆರೆ ಕಡೆ ಕುರಿ ಸಾಕಿದ ಮನೆಯಲ್ಲೇ ಹುಟ್ಟಿದವನು ನಾನು. ಯಾವ ಕುರಿಯೂ ನನ್ನನ್ನು ಹೀಗೆ ಹೆದರಿಸಿರಲಿಲ್ಲ.

“ರೀ, ಆಟ ಮಗೂಗೋ ನಿಮಗೋ?” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

ಕೊನೆಗೊಂದು ದ್ವೀಪ ಸಿಕ್ಕಿತು. ಶತ್ರು ಇಲ್ಲ, ಅಂಕ ಇಲ್ಲ, ಅವಸರವೂ ಇಲ್ಲ. ಕೆಂಪು ಬೂಟಿನ ಪುಟ್ಟ ಹುಡುಗಿಯೊಬ್ಬಳು ನಡೆಯುತ್ತಾಳೆ, ಅಷ್ಟೇ. ಪರೀಕ್ಷಿಸಲು ನಾನೇ ಆಡಿ ದಾರಿ ತಪ್ಪಿದೆ. ಪ್ರತಿ ಸಲ ಹೊಸ ಬಂಡೆ ಕಂಡೆನೆಂದು ಹಿಗ್ಗಿದೆ. ಎಲ್ಲವೂ ಒಂದೇ ಬಂಡೆಯಾಗಿತ್ತೋ ಏನೋ, ಆಣೆ ಮಾಡಿ ಹೇಳಲಾರೆ.

ಇಂಚರಳ ಕೈಗೆ ಕೊಟ್ಟೆ. ತೊರೆ ದಾಟಿದಳು, ಗುಡ್ಡ ಹತ್ತಿದಳು. ಒಂದು ಹಾಳು ಮಂಟಪ ಬಂತು. ಒಳಗೆ ದೀಪ ಉರಿಯುತ್ತಿತ್ತು. ಬಾಗಿಲಲ್ಲಿ ನಿಂತಳು. ಮಾರನೆಯ ದಿನವೂ ಅಲ್ಲೇ. ನನಗೆ ಶಾಲೆಯ ಗೇಟು ನೆನಪಾಯಿತು.

“ಒಳಗೆ ಹೋಗಮ್ಮ, ಏನೂ ಆಗಲ್ಲ.”

“ಹೋಗ್ತೀನಿ ತಾತ. ಬೂಟು ಬಿಚ್ಚೋ ಬಟನ್ ಎಲ್ಲಿದೆ?”

“ಬೂಟು ಯಾಕೆ?”

“ಒಳಗೆ ದೀಪ ಇದೆಯಲ್ಲ. ಬೂಟು ಹಾಕ್ಕೊಂಡು ಹೋಗ್ತಾರಾ ಯಾರಾದ್ರೂ?”

ಎಲ್ಲ ಕಡೆ ತಡಕಿದೆ. ಟೋಪಿಯ ಬಣ್ಣ ಬದಲಿಸಬಹುದು, ಮಳೆ ನಿಲ್ಲಿಸಬಹುದು; ಬೂಟು ಮಾತ್ರ ಬಿಚ್ಚುವಂತಿಲ್ಲ. ಆಟ ಮಾಡಿದವರಿಗೆ ಅದು ಹೊಳೆದೇ ಇಲ್ಲ.

“ಹಂಗಾದ್ರೆ ಹೊರಗಡೆಯಿಂದಲೇ ಸುತ್ಕೊಂಡು ಬರ್ತೀನಿ” ಎಂದು ಅವಳು ಮಂಟಪದ ಹಿಂದೆ ಹೋದಳು. ಅಲ್ಲೊಂದು ಕಾಲುದಾರಿ, ಅದರ ಕೆಳಗೆ ತುಂಬಿದ ಕೆರೆ. ಅಷ್ಟು ದಿನ ಅಲೆದ ನನಗೆ ಕಂಡಿರದ ಕೆರೆ.

ತತ್ವಶಾಸ್ತ್ರ ಓದುವಾಗ ಭಯದ ಬಗ್ಗೆ ಎಷ್ಟೋ ಪುಟ ಬರೆದಿದ್ದೆ. ಭಯವೂ ಗೌರವವೂ ನೋಡುವವನಿಗೆ ಒಂದೇ ಥರ ಬಾಗಿಲಲ್ಲಿ ನಿಂತಿರುತ್ತವೆ, ಯಾವುದು ಯಾವುದೆಂದು ಕೇಳಿಯೇ ತಿಳಿಯಬೇಕು ಎಂದು ಮಾತ್ರ ಬರೆದಿರಲಿಲ್ಲ. ಬರೆದಿದ್ದರೂ ಮರೆತಿದ್ದೇನೆ.

ಹೋದ ಭಾನುವಾರ ಎಲ್ಲರೂ ಅಂಬಾಜಿದುರ್ಗ ಹತ್ತಿದೆವು. ದಾರಿ ಕವಲೊಡೆದಲ್ಲಿ, ಹಿಂದೆ ಯಾವ ಕಡೆಯಿಂದ ಹೋಗಿದ್ದೆನೋ ಎಂದು ನಾನು ಯೋಚಿಸುತ್ತ ನಿಂತೆ. ಇಂಚರ ಕೈ ಬಿಡಿಸಿಕೊಂಡು ಒಬ್ಬಳೇ ತಿರುವಿನವರೆಗೆ ಹೋಗಿ, “ತಾತ, ಈ ಕಡೆ ದಾರಿ ಇದೆ, ಬಾ” ಎಂದಳು. ಎದೆಯುಬ್ಬಿಸಿಕೊಂಡು ಅವಳ ಹಿಂದೆ ನಡೆದೆ.

ಆಟದಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಒಂದು ಉದಾಹರಣೆ ಸಾಕ್ಷ್ಯವಾಗುವುದಿಲ್ಲ. ಅದೂ ಅಲ್ಲದೆ, ಅವಳು ಕೈ ಬಿಡಿಸಿಕೊಳ್ಳಲೇ ಇಲ್ಲ, ಬೆವರು ಒರೆಸಿಕೊಳ್ಳಲು ನಾನೇ ಮೊದಲು ಬಿಟ್ಟೆ ಎನ್ನುತ್ತಾಳೆ ಹೆಂಡತಿ. ಇರಬಹುದು. ಯಾರು ಏನು ಹೇಳಿದರೂ ನನ್ನ ನೆನಪನ್ನು ತಿದ್ದಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇದೊಂದನ್ನು ಮಾತ್ರ ಹಾಗೇ ಇಟ್ಟುಕೊಳ್ಳುತ್ತೇನೆ.