ಕೆಂಪು ಗುರುತಿನ ಕುರಿಗಳು

ಮಸ್ಕಿ ಕಡೆಯ ಕುರಿಗಾಹಿ ದ್ಯಾವಪ್ಪ ಯಾರನ್ನೂ ಸುಲಭವಾಗಿ ನಂಬುವವನಲ್ಲ. ಸಂತೆಯಲ್ಲಿ ಹಗ್ಗ ಕೊಂಡರೂ ತುದಿ ಬಿಚ್ಚಿ ಎಳೆ ನೋಡುತ್ತಾನೆ. ಹೋದ ವರ್ಷ ಗಂಟಲುಬೇನೆಗೆ ಹನ್ನೊಂದು ಕುರಿ ಸತ್ತಾಗ ಅವನ ಅನುಮಾನವೆಲ್ಲ ಲಸಿಕೆ ಹಾಕುವ ಶಾಮೀದಸಾಬನ ಮೇಲೆ ಬಿತ್ತು. ಸತ್ತವೆಲ್ಲ ಸೂಜಿ ಚುಚ್ಚಿಸಿಕೊಂಡವೇ.

ಈ ಸಲ ಭತ್ತದ ಕೊಯ್ಲಾದ ಮೇಲೆ ವಳಕಮದಿನ್ನಿಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಹಿಂಡನ್ನು ರಾತ್ರಿ ತರುಬಿ ನಿಲ್ಲಿಸಬೇಕಿತ್ತು. ಅಲ್ಲಿ ಹತ್ತಾರು ಹಿಂಡು ಸೇರುತ್ತವೆ. ಬೇನೆ ಹೊಕ್ಕರೆ ಉಳಿದ ನಲವತ್ತೂ ಹೋದವೆಂದೇ ಲೆಕ್ಕ.

ಶಾಮೀದಸಾಬ ಬೈಕಿನಿಂದ ಐಸ್ ಡಬ್ಬಿ ಇಳಿಸಿದ. ದ್ಯಾವಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ.

“ಹೋದ್ವರ್ಷ ನೀರು ಚುಚ್ಚಿದ್ದಿ. ಖರೇ ಹೇಳೋ.”

“ನೀರು ತರಾಕ ಮಸ್ಕಿಯಿಂದ ಯಾಕ ಬರ್ಲಿ ಕಾಕಾ? ನಿಮ್ಮ ಹಳ್ಳದಾಗ ಸಿಗ್ತದಲ್ಲ! ಇದರಾಗ ಕೊಂದ ರೋಗಾಣು ಅದಾವ.”

“ಸತ್ತದ್ದು ಏನ್ ಕಾಯ್ತದ? ಸತ್ತ ತೋಳ ತೋರ್ಸಿದ್ರ ನನ್ನ ನಾಯಿ ಬೊಗಳ್ತದೇನು?”

ಲಿಂಗಸುಗೂರಿನಲ್ಲಿ ಬಿ.ಎಸ್ಸಿ. ಓದುವ ದ್ಯಾವಪ್ಪನ ಮಗಳು ನಾಗವೇಣಿ ಕುರಿಮರಿ ಹಿಡಿದು ನಿಂತಿದ್ದಳು.

“ಬೊಗಳ್ತದಪ್ಪಾ, ಆದ್ರ ಲಗೂನ ಮರೀತದ. ಮೈಯಾಗ ಟಿ ಕೋಶ ಅಂತ ಕಾವಲಿನವು ಇರ್ತಾವ. ಜೀವ ಇದ್ದ ರೋಗಾಣು ಹೊಕ್ಕು ಬೆಳೆದ್ರ ಅವು ಛಲೋ ಗುರ್ತು ಹಿಡೀತಾವ. ಕೊಂದದ್ದು ಬೆಳಿಯೂದಿಲ್ಲ, ಕಾವಲಿನವುಕ್ಕ ಅದರ ನೆನಪು ಕಮ್ಮಿ. ಅದಕ್ಕ ಇಪ್ಪತ್ತೊಂದು ದಿನಕ್ಕ ಅವೇ ಕುರಿಗೆ ಇನ್ನೊಮ್ಮೆ ಚುಚ್ಚಬೇಕು.”

“ಹೋದ್ವರ್ಷ ಎರಡನೇ ಸಲ ಚುಚ್ಚಾಕ ಬಂದಿದ್ನಲ್ಲ ಕಾಕಾ,” ಎಂದ ಶಾಮೀದಸಾಬ. “ಕೆಂಪು ಬಣ್ಣದವು ದೂರ ಮೇಯಾಕ ಹೋಗ್ಯಾವ ಅಂದ್ರಿ.”

ದ್ಯಾವಪ್ಪ ಬಾಟಲಿಯನ್ನು ಅವನ ಕೈಗೆ ಮರಳಿ ಕೊಟ್ಟ. ಚುಚ್ಚಿದ ಕುರಿಯ ಬೆನ್ನಿಗೆ ಕೆಂಪು ಬಳಿಯುವುದು ರೂಢಿ. ಕೆಂಪು ಕಂಡರೆ ಅದರ ಕೆಲಸ ಮುಗಿಯಿತು ಎಂದರ್ಥ. ಹೋದ ವರ್ಷ ಎರಡನೇ ಸಲ ಬಂದ ಶಾಮೀದಸಾಬ ಅವನ್ನೇ ಕೇಳಿದಾಗ, ಅದೇ ಕುರಿಗೆ ಮತ್ತೆ ಚುಚ್ಚಿ ಕಚೇರಿಗೆ ಹೆಚ್ಚು ಲೆಕ್ಕ ತೋರಿಸುತ್ತಾನೆ ಎಂದುಕೊಂಡು, ದ್ಯಾವಪ್ಪನೇ ಅವನ್ನೆಲ್ಲ ಹಳ್ಳದಾಚೆ ಅಟ್ಟಿದ್ದ. ಬಣ್ಣವಿಲ್ಲದವನ್ನಷ್ಟೇ ಮುಂದೆ ತಂದಿದ್ದ. ಹಾಗಾಗಿ ಒಂದು ಕುರಿಗೂ ಎರಡು ಸಲ ಲಸಿಕೆ ಆಗಲಿಲ್ಲ.

ಈ ಸಲ ನಲವತ್ತಕ್ಕೂ ಸೂಜಿ ಬಿತ್ತು, ಬೆನ್ನಿಗೆ ಕೆಂಪೂ ಬಿತ್ತು. ಇಪ್ಪತ್ತೊಂದನೇ ದಿನ ದ್ಯಾವಪ್ಪ ತಾನೇ ಕೆಂಪು ಬೆನ್ನುಗಳನ್ನು ಸಾಲು ನಿಲ್ಲಿಸಿದ. ಶಾಮೀದಸಾಬ ಬಣ್ಣದ ಡಬ್ಬಿ ತೆರೆಯುತ್ತಲೇ ದ್ಯಾವಪ್ಪ ಅವನ ಕೈ ತಡೆದ.

“ಕೆಂಪು ಬ್ಯಾಡ. ನೀಲಿ ತಂದೀನಿ. ಎರಡೂ ಕಾಣ್ಬೇಕು.”

“ಇನ್ನೂ ಅನುಮಾನೇನ್ರೀ ಕಾಕಾ?”

“ಅದ. ಬಾಟ್ಲಿ ಅಳ್ಳಾಡ್ಸು ಮೊದ್ಲ.”

ಮುಂದಿನ ತಿಂಗಳು ಹಿಂಡು ವಳಕಮದಿನ್ನಿಗೆ ಹೋಯಿತು. ಪಕ್ಕದ ಹಿಂಡಿನಲ್ಲಿ ಗಂಟಲುಬೇನೆಗೆ ಎರಡು ಸತ್ತವು. ದ್ಯಾವಪ್ಪ ದಿನಾ ಬೆಳಿಗ್ಗೆ ಬಾವು ಬಂದಿದೆಯೇ ಎಂದು ಒಂದೊಂದರ ಗಂಟಲನ್ನೂ ಒತ್ತಿ ನೋಡಿದ. ಊರಿಗೆ ಮರಳಿದ ದಿನ ಎಣಿಸಿದರೆ ನಲವತ್ತಿದ್ದವು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದ.