ಮೂರನೆಯ ಮೊಳೆ

ನಮ್ಮಕ್ಕನಿಗೆ ಅವಮಾನವಾದರೆ ಮೊದಲು ಕಿವಿ ಕೆಂಪಾಗುತ್ತಿತ್ತು. ಮುಖ ಹಾಗೇ ಇರುತ್ತಿತ್ತು, ದನಿಯೂ ನಡುಗುತ್ತಿರಲಿಲ್ಲ. ಓಲೆಯ ಸುತ್ತ ಮಾತ್ರ ಬಣ್ಣ ಏರುತ್ತಿತ್ತು. ಕೊಳ್ಳೇಗಾಲದ ಕಾಲೇಜೊಂದರ ಕೊಠಡಿಯಲ್ಲಿ ಮಕ್ಕಳೆಲ್ಲ ನಗುತ್ತಿದ್ದಾಗ ಆ ಕಿವಿಗಳನ್ನು ನಾನು ಬಾಗಿಲ ಬಳಿ ನಿಂತು ನೋಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಅಕ್ಕ ಅಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹೊನ್ನೂರಿನಲ್ಲಿ ಮರಗೆಲಸಕ್ಕೆ ಕೂತವನು. ಸಂಜೆ ಬಸ್ಸಿಳಿದರೆ ಅವಳು ನೇರ ಮನೆಯೊಳಗೆ ಹೋಗುತ್ತಿರಲಿಲ್ಲ. ನನ್ನ ಹಲಗೆಯ ಮೇಲಿನ ಹೊಟ್ಟು ಕೊಡವಿ ಕೂತು, ಅಂದಿನ ಪಾಠವನ್ನು ನನಗೆ ಇನ್ನೊಮ್ಮೆ ಹೇಳುತ್ತಿದ್ದಳು. ನಿನಗೆ ಅರ್ಥವಾದರೆ ಇಡೀ ಕ್ಲಾಸಿಗೆ ಅರ್ಥವಾದ ಹಾಗೆ ಎಂದು ಕಿಚಾಯಿಸುತ್ತಿದ್ದಳು.

ಒಮ್ಮೆ ಡಿಎನ್‌ಎಯ ಒಂದು ಚಿಕ್ಕ ತುಂಡನ್ನು ಮರದಲ್ಲಿ ಮಾಡಿಕೊಡು ಅಂದಳು. ಹತ್ತು ಮೆಟ್ಟಿಲಿನ ಏಣಿ. ಒಂದೊಂದು ಮೆಟ್ಟಿಲೂ ಎರಡು ತುಂಡು, ಒಂದು ದೊಡ್ಡದು, ಒಂದು ಚಿಕ್ಕದು. ಹಾಗಿದ್ದರೇ ಏಣಿಯ ಅಗಲ ಎಲ್ಲೂ ಹೆಚ್ಚುಕಡಿಮೆ ಆಗುವುದಿಲ್ಲವಂತೆ. ಎ ಎಂಬ ತುಂಡು ಟಿ ಎಂಬ ತುಂಡಿನ ಜೊತೆಗೇ ಕೂಡಬೇಕು, ಎರಡು ಮರದ ಮೊಳೆಯಲ್ಲಿ. ಜಿ ಎಂಬುದು ಸಿ ಜೊತೆಗೇ, ಮೂರು ಮೊಳೆಯಲ್ಲಿ. ಮೇಲಿನ ಐದು ಮೆಟ್ಟಿಲು ಎ-ಟಿ, ಕೆಳಗಿನ ಐದು ಜಿ-ಸಿ. ಕಾವು ಕೊಟ್ಟರೆ ಎರಡರ ಹಿಡಿತದ ತುದಿ ಮೊದಲು ಬಿಚ್ಚಿಕೊಳ್ಳುತ್ತದೆ, ಮೂರರದು ತಡೆದು ನಿಲ್ಲುತ್ತದೆ. ಅದನ್ನು ಮಕ್ಕಳು ಕೈಯಾರೆ ಎಳೆದು ನೋಡಬೇಕು ಎಂಬುದು ಅವಳ ಆಸೆ.

"ಗೋಂದು ಗೀಂದು ಆಕ್ಬುಟ್ಟೀಯ ಕಣ್ಲಾ," ಅಂದಳು. "ಅದು ಬಿಚ್ಕಬೇಕು. ಬಿಚ್ಕಂಡ್ರೇ ಇನ್ನೊಂದು ಜೀವ ಉಟ್ಟೋದು."

ಅದೇ ವಾರ ಯಳಂದೂರಿನವರೊಬ್ಬರ ಗೃಹಪ್ರವೇಶ. ಬಾಗಿಲು ಮುಗಿಸುವ ಅವಸರ. ಎ-ಟಿ ಮೆಟ್ಟಿಲುಗಳಿಗೆ ತೇಗದ ಮೊಳೆ ಹೊಡೆದೆ. ಅಷ್ಟರಲ್ಲಿ ತೇಗದ ಚೂರು ಮುಗಿಯಿತು. ಜಿ-ಸಿಗೆ ಕೈಗೆ ಸಿಕ್ಕ ಹಸಿಮರದ ಮೊಳೆ ಹಾಕಿದೆ, ಅದೂ ಎರಡೆರಡೇ. ಮೂರನೆಯ ತೂತಿಗೆ ಮರದ ಹೊಟ್ಟು ಕಲಸಿ ಮೆತ್ತಿ ಉಜ್ಜಿಬಿಟ್ಟೆ. ಹಸಿಮರ ಒಣಗಿದರೆ ಸೊರಗುತ್ತದೆ, ಹಿಡಿತ ಬಿಡುತ್ತದೆ. ಉಳಿ ಹಿಡಿದವನಿಗೆ ಇದು ತಿಳಿಯದ್ದಲ್ಲ. ಮಕ್ಕಳಾಟದ ಏಣಿ ತಾನೇ, ಯಾರು ಎಣಿಸುತ್ತಾರೆ ಅಂದುಕೊಂಡೆ.

ಹದಿನೈದು ದಿನದ ಮೇಲೆ ಏಣಿಯನ್ನು ಆಟೋದಲ್ಲಿ ನಾನೇ ಹೊತ್ತೊಯ್ದೆ. ಮುಂದಿನ ವರ್ಷವೂ ಅಕ್ಕನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನೋಡಲು ಪ್ರಾಂಶುಪಾಲರು ಅಂದೇ ಪಾಠಕ್ಕೆ ಬಂದು ಕೂತಿದ್ದರು. ಎ-ಟಿ ತುದಿ ಮೊದಲು ಬಿಡುತ್ತದೆ, ನೋಡಿ ಎಂದು ಅಕ್ಕ ಹೇಳಿದಳು. ಇಬ್ಬರು ಹುಡುಗಿಯರು ಎರಡು ಪಕ್ಕ ಹಿಡಿದು ಎಳೆದರು. ಜಿ-ಸಿ ತುದಿ ಲೊಟಲೊಟ ಬಿಚ್ಚಿಕೊಂಡು ಬಂತು. ಎ-ಟಿ ಅಲುಗಲಿಲ್ಲ.

"ಮೇಡಂ, ಪುಸ್ತಕನಾದ್ರೂ ಒಂದ್ಸಲ ನೋಡ್ಕಂಡು ಬಂದಿದ್ರಾ?" ಅಂದರು ಪ್ರಾಂಶುಪಾಲರು. ಮಕ್ಕಳು ನಕ್ಕರು.

ಅಕ್ಕ ಒಂದು ತುಂಡನ್ನು ತಿರುಗಿಸಿ, ಮೆತ್ತಿದ ತೂತಿನ ಮೇಲೆ ಬೆರಳಾಡಿಸಿದಳು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ನನ್ನ ತಪ್ಪು ಸಾ," ಅಂದಳು. "ಅಳತೆ ಸರಿಯಾಗಿ ಬರ್ಕೊಡ್ಲಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ನನಗೆ ಟೀ ಕೊಡಿಸಿದಳು. ಆ ಮಾತನ್ನು ಎತ್ತಲೇ ಇಲ್ಲ. ಮುಂದಿನ ವರ್ಷ ಕಾಲೇಜು ಅವಳನ್ನು ಕರೆಯಲಿಲ್ಲ. ಹನೂರಿನ ಒಂದು ಚಿಕ್ಕ ಶಾಲೆಯಲ್ಲಿ ಒಂದನೇ ಕ್ಲಾಸಿನವರಿಗೆ ಅಕ್ಷರ ತಿದ್ದಿಸುವ ಕೆಲಸ ಸಿಕ್ಕಿತು. ಅಲ್ಲೇ ಮನೆ ಮಾಡಿದಳು. ಹಬ್ಬಕ್ಕೆ ಬಂದಾಗ ಚೆನ್ನಾಗಿಯೇ ಮಾತಾಡುತ್ತಿದ್ದಳು. ಆದರೆ ನನ್ನ ಹಲಗೆಯ ಮೇಲೆ ಕೂತು ಪಾಠ ಹೇಳಿದ್ದು ಮತ್ತೆ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ನನ್ನ ಮಗಳು ಪಿಯುಸಿ. ಕಳೆದ ತಿಂಗಳು ಅಕ್ಕ ಬಂದಿದ್ದಾಗ ಅವಳಿಂದ ಅದೇ ಡಿಎನ್‌ಎ ಪಾಠ ಹೇಳಿಸಿಕೊಂಡಳು. ಅಕ್ಕ ಎಷ್ಟು ಚೆನ್ನಾಗಿ ಹೇಳಿದಳೆಂದರೆ ಒಲೆ ಮುಂದಿದ್ದ ನನ್ನ ಹೆಂಡತಿಯೂ ಬಂದು ಕೂತಳು. ಇಷ್ಟು ಚೆನ್ನಾಗಿ ಹೇಳುವವರು ಕಾಲೇಜು ಯಾಕೆ ಬಿಟ್ಟಿರಿ ಅತ್ತೆ ಎಂದು ಮಗಳು ಕೇಳಿದಳು.

"ನಂಗೆ ಪಾಠ ಮಾಡಾಕೆ ಬತ್ತಿರ್ನಿಲ್ಲ ಕಣವ್ವ," ಎಂದು ಅಕ್ಕ ನಕ್ಕಳು. ಮಗಳು ಅದನ್ನು ನಂಬಿದಳು.

ನಾನು ಎದ್ದು ನಿಂತೆ.

"ಸುಳ್ಳು ಯೋಳ್ಬ್ಯಾಡ ಅಕ್ಕ. ಮೂರ್ನೇ ಮೊಳೆ ಆಕ್ದೆ ತೂತ ಮುಚ್ಚಿದೋನು ನಾನು. ಅವತ್ತು ಅಲ್ಲೇ ನಿಂತಿದ್ದೂ ಬಾಯಿ ಬುಡ್ನಿಲ್ಲ. ನಿನ್ನ ಕೆಲ್ಸ ಓಗಿದ್ದು ನನ್ನಿಂದ. ತಪ್ಪಾಯ್ತು ಕಣಕ್ಕ."